ಬುಕಿಂಗ್ ಶುಲ್ಕ: ಏಕೆ, ಯಾರಿಂದ, ಎಷ್ಟು?



"ಪಾಲು ಹಣ ಕಟ್ಟಿ ಸದಸ್ಯನಾಗಿದ್ದೇನೆ. ವರ್ಷಕ್ಕೊಮ್ಮೆ ವಂತಿಗೆಯನ್ನೂ ಕೊಡುತ್ತೇನೆ. ಹೀಗಿರುವಾಗ ಪ್ರತಿ ಸಲ ಬುಕಿಂಗ್ ಮಾಡುವಾಗ ಮತ್ತೆ ಬೇರೆ ದುಡ್ಡು ಯಾಕೆ ಕೊಡಬೇಕು?"

ಔಷಧಿ ಹೊಡೆಯುವ ತಂಡ, ಕೊನೆ ಕೊಯ್ಲಿನ ತಂಡ, ಕಾಫಿ ಪಲ್ಪರ್ ಮೊದಲಾದವನ್ನು ಮೊಬೈಲಿನ ಮೂಲಕ ಮುಂಗಡವಾಗಿ ಕಾದಿರಿಸುವ ಏರ್ಪಾಡಿನ ಮಾತು ಬೆಳೆಗಾರರ ಸಂಘಗಳಲ್ಲಿ ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೋಪದಿಂದ ಕೇಳಿದರೆ ಉತ್ತರ ಸಿಗುವುದಿಲ್ಲ, ಲೆಕ್ಕ ಹಾಕಿ ಕೇಳಿದರೆ ಸಿಗುತ್ತದೆ. ಎರಡು ಎಕರೆಯ ಬೆಳೆಗಾರನಿಗೆ ಈ ಲೆಕ್ಕ ಮುಖ್ಯವಾದುದು. ಶುಲ್ಕವನ್ನು ಯಾವುದರ ಮೇಲೆ ಹೇರುತ್ತಾರೆ ಎಂಬುದರ ಮೇಲೆ, ಅವನು ದೊಡ್ಡ ತೋಟದವರ ಖರ್ಚನ್ನು ಹೊರುತ್ತಾನೋ ತನ್ನ ಖರ್ಚನ್ನು ಮಾತ್ರ ಹೊರುತ್ತಾನೋ ಎಂಬುದು ನಿಂತಿದೆ. ಈ ಪಾಠದಲ್ಲಿ ಅದನ್ನೇ ಅಭ್ಯಾಸ ಮಾಡೋಣ.

1. ನಾವು ಬಲ್ಲ ಮೂರು ಬಗೆಯ ಶುಲ್ಕಗಳು

ಆನ್‌ಲೈನ್ ಎಂಬ ಶಬ್ದ ಹೊಸದಾದರೂ ಶುಲ್ಕದ ಬಗೆಗಳು ಹಳೆಯವೇ. ಅಡಿಕೆ ಮಾರಾಟಕ್ಕೆ ಹೋದವರೆಲ್ಲ ಮೂರು ಬಗೆಯ ಖರ್ಚನ್ನು ಬಲ್ಲರು.

ಮೊದಲನೆಯದು ವಂತಿಗೆ. ಮಾಲು ತಂದರೂ ತಾರದಿದ್ದರೂ ಎಲ್ಲರೂ ಸಮನಾಗಿ ಕೊಡುವಂಥದು. ಎರಡನೆಯದು ಕಮಿಷನ್. ಮಾಲಿನ ಬೆಲೆಯ ಮೇಲೆ ನೂರಕ್ಕೆ ಇಷ್ಟು ಎಂದು ಹಿಡಿಯುವಂಥದು. ಮೂರನೆಯದು ಹಮಾಲಿ. ಚೀಲದ ಲೆಕ್ಕದಲ್ಲಿ ಕೊಡುವಂಥದು. ಚೀಲದಲ್ಲಿ ಬೆಟ್ಟೆ ಇರಲಿ, ಸಿಪ್ಪೆಗೋಟು ಇರಲಿ, ಹೊರುವ ಬೆನ್ನಿಗೆ ಭಾರ ಒಂದೇ.

ಬುಕಿಂಗ್ ಶುಲ್ಕವೆಂಬುದು ಈ ಹಮಾಲಿಯ ಜಾತಿಯದು. ಒಂದು ಸಲ ಸೇವೆ ಪಡೆದರೆ ಒಂದು ಸಲದ ಕೂಲಿ. ಹಮಾಲಿಯ ಗುಣವೂ ದೋಷವೂ ಎರಡೂ ಇದಕ್ಕಿವೆ. ಉಪಯೋಗಿಸಿದವನೇ ಕೊಡುತ್ತಾನೆ ಎಂಬುದು ಗುಣ. ಕಡಿಮೆ ಬೆಲೆಯ ಮಾಲಿನ ಮೇಲೂ ಅಷ್ಟೇ ಮೊತ್ತ ಬೀಳುತ್ತದೆ ಎಂಬುದು ದೋಷ. ಈ ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಮುಂದಿನ ಉದಾಹರಣೆಗಳನ್ನು ನೋಡಬೇಕು.

2. ಬೆಂಗಳೂರಿನ ಆಟೋ ಚಾಲಕರ ಅನುಭವ

ಆಟೋ ಚಾಲಕನೂ ನಮ್ಮಂತೆಯೇ ಸಣ್ಣ ಹಿಡುವಳಿದಾರ. ನಮಗೆ ತೋಟ, ಅವನಿಗೆ ಮೂರು ಚಕ್ರದ ಗಾಡಿ. ಮೊಬೈಲಿನ ಮೂಲಕ ಪ್ರಯಾಣಿಕರನ್ನು ಒದಗಿಸುವ ದೊಡ್ಡ ಕಂಪೆನಿಗಳು ಬಂದ ಮೇಲೆ ಬಾಡಿಗೆಯಲ್ಲಿ ಕಾಲು ಭಾಗದಷ್ಟು ಕಮಿಷನ್ ಹೋಗುತ್ತಿದೆ ಎಂಬುದು ಚಾಲಕರ ದೂರಾಗಿತ್ತು. 2022ರಲ್ಲಿ ಈ ಜಗಳ ಸರ್ಕಾರದವರೆಗೆ ಹೋಯಿತು. ಅದೇ ವರ್ಷ ನವೆಂಬರ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ 'ನಮ್ಮ ಯಾತ್ರಿ' ಎಂಬ ಆ್ಯಪ್ ಆರಂಭವಾಯಿತು. ಚಾಲಕರ ಸಂಘಟನೆಯ ಬೆಂಬಲ ಇದಕ್ಕಿತ್ತು. ಆ್ಯಪನ್ನು ಕಟ್ಟಿಕೊಟ್ಟದ್ದು ಜಸ್‌ಪೇ ಎಂಬ ಬೆಂಗಳೂರಿನ ಕಂಪೆನಿ. ಕಮಿಷನ್ ಇಲ್ಲ, ಪ್ರಯಾಣಿಕ ಕೊಟ್ಟ ಬಾಡಿಗೆ ಪೂರ್ತಿ ಚಾಲಕನಿಗೇ ಎಂಬುದು ಅದರ ನಿಯಮ. ಮೊದಲಿಗೆ ಚಾಲಕರಿಂದ ಏನನ್ನೂ ತೆಗೆದುಕೊಳ್ಳಲಿಲ್ಲ.

ಆದರೆ ಹಾಗೆಯೇ ಎಷ್ಟು ದಿನ ನಡೆದೀತು? ನಕ್ಷೆ ತೋರಿಸುವುದಕ್ಕೆ ಖರ್ಚು, ಚಾಲಕ ಪ್ರಯಾಣಿಕರಿಗೆ ಹೋಗುವ ಸಂದೇಶಗಳಿಗೆ ಖರ್ಚು, ಕಂಪ್ಯೂಟರುಗಳಿಗೆ ಬಾಡಿಗೆ, ದೂರು ಕೇಳುವ ಸಿಬ್ಬಂದಿಗೆ ಸಂಬಳ. ಸದಸ್ಯರು ಹೆಚ್ಚಿದಷ್ಟೂ ಈ ಖರ್ಚು ಹೆಚ್ಚುತ್ತದೆ. 2023ರಲ್ಲಿ ಚಾಲಕರಿಗೆ ಶುಲ್ಕ ಬಂತು. ದಿನಕ್ಕೆ 25 ರೂ. ಕೊಟ್ಟು ಎಷ್ಟು ಸವಾರಿಯನ್ನಾದರೂ ಪಡೆಯಬಹುದಿತ್ತು. ಇಲ್ಲವಾದರೆ ಒಂದು ಸವಾರಿಗೆ 3 ರೂ. 50 ಪೈಸೆಯಂತೆ ಕೊಡಬಹುದಿತ್ತು, 10 ಸವಾರಿ ದಾಟಿದರೆ ಆ ದಿನ ಮುಂದಿನದಕ್ಕೆ ಶುಲ್ಕವಿರಲಿಲ್ಲ.

ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಏಳು ಸವಾರಿಗೆ 24 ರೂ. 50 ಪೈಸೆ, ಎಂಟಕ್ಕೆ 28 ರೂ. ಅಂದರೆ ದಿನಕ್ಕೆ ಏಳು ಸವಾರಿಯವರೆಗೆ ಓಡಿಸುವವನಿಗೆ ಬಿಡಿ ಶುಲ್ಕ ಲಾಭ. ಎಂಟು ಅಥವಾ ಹೆಚ್ಚು ಓಡಿಸುವವನಿಗೆ ದಿನದ ಶುಲ್ಕ ಲಾಭ. ಬೆಳಿಗ್ಗೆ ಎರಡು ಗಂಟೆ ಮಾತ್ರ ಗಾಡಿ ಹೊರಡಿಸುವ ವಯಸ್ಸಾದ ಚಾಲಕನಿಗೂ, ಹಗಲಿಡೀ ದುಡಿಯುವ ತರುಣನಿಗೂ ಬೇರೆ ಬೇರೆ ದಾರಿ ಇಟ್ಟಂತಾಯಿತು. ಕಮಿಷನ್ ನೂರಕ್ಕೆ 25ರಂತೆ ಇದ್ದರೆ, ನೂರು ರೂಪಾಯಿಯ ಒಂದೇ ಒಂದು ಬಾಡಿಗೆಯಲ್ಲಿ ಆ 25 ರೂ. ಹೋಗಿಬಿಡುತ್ತಿತ್ತು.

ಇದಾದ ಮೇಲೆ ದೊಡ್ಡ ಕಂಪೆನಿಗಳೂ ಈ ದಾರಿಗೆ ಬಂದವು. ಊಬರ್ ಕಂಪೆನಿ 2025ರ ಫೆಬ್ರವರಿಯಲ್ಲಿ ಭಾರತದ ಆಟೋಗಳಿಗೆ ಕಮಿಷನ್ ಬಿಟ್ಟು ನಿಗದಿತ ಶುಲ್ಕದ ಪದ್ಧತಿಯನ್ನು ತಂದಿತು. ಇದರಿಂದ ಕಲಿಯಬೇಕಾದ ಸಂಗತಿ ಇಷ್ಟು: ಶುಲ್ಕ ಬಂತೆಂದ ಮಾತ್ರಕ್ಕೆ ಅನ್ಯಾಯವಾಯಿತೆಂದು ತಿಳಿಯಬಾರದು. ಅದು ಯಾವುದರ ಬದಲಿಗೆ ಬಂತು ಎಂದು ಮೊದಲು ಕೇಳಬೇಕು.

3. ಪುಕ್ಕಟೆ ಎಂಬುದು ಯಾರ ಖರ್ಚು?

ರೈಲು ಟಿಕೇಟನ್ನು ಮೊಬೈಲಿನಲ್ಲಿ ತೆಗೆಯುವವರು ಈಗ ಹಳ್ಳಿಹಳ್ಳಿಗಳಲ್ಲಿದ್ದಾರೆ. ಐಆರ್‌ಸಿಟಿಸಿ 2002ರಲ್ಲಿ ಆನ್‌ಲೈನ್ ಟಿಕೇಟು ಕೊಡಲಾರಂಭಿಸಿತು. ಅಲ್ಲಿ ಹೆಸರು ನೋಂದಾಯಿಸಿಕೊಳ್ಳುವುದು ಉಚಿತ, ಆದರೆ ಟಿಕೇಟು ಒಂದಕ್ಕೆ ಸಾದಾ ದರ್ಜೆಗೆ 20 ರೂ., ಹವಾನಿಯಂತ್ರಿತ ದರ್ಜೆಗೆ 40 ರೂ. ಸೇವಾ ಶುಲ್ಕವಿತ್ತು. ನೋಟು ರದ್ದಾದ ಬಳಿಕ, ಜನ ನಗದು ಬಿಟ್ಟು ಡಿಜಿಟಲ್ ಪಾವತಿಗೆ ಬರಲಿ ಎಂದು 2016ರ ನವೆಂಬರ್ 23ರಿಂದ ಈ ಶುಲ್ಕವನ್ನು ಬಿಟ್ಟುಕೊಟ್ಟರು.

ಶುಲ್ಕ ಹೋಯಿತು, ಖರ್ಚು ಹೋಗಲಿಲ್ಲ. ಆದಾಯ ತಗ್ಗಿತು. ಸ್ವಲ್ಪ ಕಾಲ ಕೇಂದ್ರ ಹಣಕಾಸು ಇಲಾಖೆ ನಷ್ಟದ ಒಂದು ಭಾಗವನ್ನು ತುಂಬಿಕೊಟ್ಟಿತು. ಅಂದರೆ ರೈಲು ಹತ್ತದವನ ತೆರಿಗೆಯಿಂದ ರೈಲು ಹತ್ತಿದವನ ಬುಕಿಂಗ್ ಖರ್ಚು ಹೋಯಿತು. ಕೊನೆಗೆ 2019ರ ಸೆಪ್ಟೆಂಬರ್ 1ರಿಂದ ಶುಲ್ಕ ಮರಳಿ ಬಂತು: ಸಾದಾ ದರ್ಜೆಗೆ 15 ರೂ., ಹವಾನಿಯಂತ್ರಿತಕ್ಕೆ 30 ರೂ. ಯುಪಿಐ ಮೂಲಕ ಕೊಟ್ಟರೆ 10 ಮತ್ತು 20 ರೂ. ಇದರ ಮೇಲೆ ಜಿಎಸ್‌ಟಿ ಬೇರೆ.

ಕತೆ ಇಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಐಆರ್‌ಸಿಟಿಸಿಯ ಷೇರುಗಳು ಪೇಟೆಗೆ ಬಂದವು. 2021ರ ಅಕ್ಟೋಬರ್ 28ರಂದು, ಈ ಶುಲ್ಕದಲ್ಲಿ ಅರ್ಧ ಪಾಲನ್ನು ತನಗೆ ಕೊಡಬೇಕೆಂದು ರೈಲ್ವೆ ಇಲಾಖೆ ಹೇಳಿದ ಸುದ್ದಿ ಹೊರಬಿತ್ತು. ಮರುದಿನ ಷೇರಿನ ಬೆಲೆ ಒಂದು ಹಂತದಲ್ಲಿ ಸುಮಾರು ಕಾಲು ಭಾಗ ಕುಸಿಯಿತು. ಆ ದಿನವೇ ಇಲಾಖೆ ತನ್ನ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಹತ್ತು ಇಪ್ಪತ್ತು ರೂಪಾಯಿಯ ಶುಲ್ಕವೆಂದು ನಾವು ಹಗುರಾಗಿ ಕಾಣುವುದು, ಬೇರೊಬ್ಬರ ಲೆಕ್ಕದಲ್ಲಿ ಎಷ್ಟು ದೊಡ್ಡ ಫಸಲು ಎಂಬುದು ಇದರಿಂದ ತಿಳಿಯುತ್ತದೆ.

ಆದುದರಿಂದ ಖರ್ಚಿಗೆಂದು ಆರಂಭವಾದ ಶುಲ್ಕ ಮುಂದೆ ಲಾಭದ ಮೂಲವಾಗದಂತೆ ನೋಡಿಕೊಳ್ಳಬೇಕು. ಕಂಪೆನಿಯಲ್ಲಿ ಶುಲ್ಕದ ಉಳಿತಾಯ ಷೇರುದಾರನಿಗೆ ಹೋಗುತ್ತದೆ. ಸಹಕಾರ ಸಂಘದಲ್ಲಿ ಕೊಡುವವನೂ ಸದಸ್ಯ, ಉಳಿದರೆ ಅದರ ಒಡೆಯನೂ ಸದಸ್ಯ. ಆದರೆ ಲೆಕ್ಕ ಕೇಳದ ಸದಸ್ಯನಿಗೆ ಈ ಒಡೆತನದಿಂದ ಏನೂ ಪ್ರಯೋಜನವಿಲ್ಲ.

4. ಹೇಳಿ ಬಾರದವರ ಸಮಸ್ಯೆ

ಬುಕಿಂಗ್ ಶುಲ್ಕಕ್ಕೆ ಎರಡನೆಯ ಕಾರಣವೂ ಉಂಟು, ಅದು ಹಣದ್ದಲ್ಲ.

ಫ್ರಾನ್ಸ್ ದೇಶದಲ್ಲಿ 2006ರಲ್ಲಿ ಆರಂಭವಾದ ಬ್ಲಾಬ್ಲಾಕಾರ್ ಎಂಬ ಸೇವೆಯಿದೆ. ಊರಿಂದೂರಿಗೆ ಕಾರಿನಲ್ಲಿ ಹೋಗುವವರು ಖಾಲಿ ಸೀಟನ್ನು ಇತರರಿಗೆ ಕೊಟ್ಟು ಪೆಟ್ರೋಲಿನ ಖರ್ಚನ್ನು ಹಂಚಿಕೊಳ್ಳುವ ಏರ್ಪಾಡು ಅದು. ಮೊದಲಿಗೆ ಸೀಟು ಕಾದಿರಿಸಲು ದುಡ್ಡಿರಲಿಲ್ಲ. ಫಲವಾಗಿ ಮೂವರಲ್ಲಿ ಒಬ್ಬರಂತೆ ಕೊನೆ ಗಳಿಗೆಯಲ್ಲಿ ಕೈಕೊಡುತ್ತಿದ್ದರು ಎಂದು ಅದನ್ನು ಕಟ್ಟಿದವರೇ ಹೇಳಿದ್ದಾರೆ. ಮುಂಗಡ ಪಾವತಿಯನ್ನೂ ಶುಲ್ಕವನ್ನೂ ತಂದ ಮೇಲೆ ಈ ತೊಂದರೆ ಬಹಳಷ್ಟು ಕಡಿಮೆಯಾಯಿತು.

ನಮ್ಮಲ್ಲಿಯೂ ಇದು ಅಪರಿಚಿತವಲ್ಲ. ಮಳೆಗಾಲ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. ಎಲ್ಲರಿಗೂ ಬೇಕಾದದ್ದು ಅದೇ ಎರಡು ವಾರ. ಮಾತಿಗೆ ಬೆಲೆ ಇಲ್ಲದಿದ್ದರೆ ಒಬ್ಬ ಬೆಳೆಗಾರ ಮೂರು ತಂಡಕ್ಕೆ ಹೇಳಿಟ್ಟು, ಮೊದಲು ಬಂದವರಿಂದ ಕೆಲಸ ಮಾಡಿಸಿಕೊಂಡು, ಉಳಿದಿಬ್ಬರಿಗೆ ಫೋನು ಕೂಡ ಮಾಡುವುದಿಲ್ಲ. ದ್ರಾವಣದ ಡ್ರಮ್ಮು ಹೊತ್ತು ಬಂದ ತಂಡಕ್ಕೆ ಒಂದು ದಿನದ ಕೂಲಿ ನಷ್ಟ. ಸರದಿಯಲ್ಲಿ ಹಿಂದಿದ್ದ ಇನ್ನೊಬ್ಬ ಸದಸ್ಯನಿಗೆ ಕೊನೆಗೆ ಕೊನೆಯೇ ಉದುರಿದ ನಷ್ಟ. ಕೈಯಿಂದ ಸ್ವಲ್ಪ ಹಣ ಹೋದರೆ ಮಾತಿಗೆ ತೂಕ ಬರುತ್ತದೆ.

ಆದರೆ ಇಲ್ಲೊಂದು ಭೇದವನ್ನು ಗಮನಿಸಬೇಕು. ಮಾತು ಉಳಿಸಿಕೊಳ್ಳಲಿ ಎಂಬುದಷ್ಟೇ ಉದ್ದೇಶವಾದರೆ ಶುಲ್ಕ ಬೇಕಿಲ್ಲ, ಠೇವಣಿ ಸಾಕು. ಠೇವಣಿ ಕೆಲಸ ಮುಗಿದ ಮೇಲೆ ಬಿಲ್ಲಿನಲ್ಲಿ ವಜಾ ಆಗುತ್ತದೆ, ಶುಲ್ಕ ಮರಳುವುದಿಲ್ಲ. ಶುಲ್ಕವನ್ನೇ ಠೇವಣಿಯೆಂದು ಹೇಳಿ ಪಡೆಯುವುದು ಸರಿಯಲ್ಲ.

5. ಕೆಟ್ಟ ವರ್ಷದ ಪರೀಕ್ಷೆ

ಹಾಗಾದರೆ ವಂತಿಗೆಯನ್ನು ತೆಗೆದುಹಾಕಿ ಬುಕಿಂಗ್ ಶುಲ್ಕವನ್ನಷ್ಟೇ ಇಟ್ಟರಾಗದೇ? ಇದಕ್ಕೆ ಉತ್ತರವಾಗಿ ಒಂದು ಅಮೆರಿಕದ ಉದಾಹರಣೆ ಇದೆ.

ಪ್ರವಾಸಿಗರಿಗೆ ಮನೆಯಲ್ಲಿ ಪುಕ್ಕಟೆಯಾಗಿ ತಂಗಲು ಜಾಗ ಕೊಡುವವರ ಕೂಟ ಕೌಚ್‌ಸರ್ಫಿಂಗ್. 2004ರಲ್ಲಿ ಆರಂಭವಾಗಿ, 2011ರಲ್ಲಿ ಲಾಭದ ಕಂಪೆನಿಯಾಯಿತು. ಆದರೂ ಸದಸ್ಯತ್ವ ಉಚಿತವಾಗಿಯೇ ಇತ್ತು. ತಮ್ಮ ಗುರುತನ್ನು ಖಾತ್ರಿಪಡಿಸಿಕೊಳ್ಳಬಯಸುವವರು ಇಷ್ಟಪಟ್ಟು ಕೊಡುವ ಹಣ ಅದರ ಮುಖ್ಯ ಆಧಾರಗಳಲ್ಲಿ ಒಂದಾಗಿತ್ತು. 2020ರಲ್ಲಿ ಕೊರೋನಾ ಬಂದು ಪ್ರವಾಸ ನಿಂತಿತು. ಪ್ರವಾಸದೊಂದಿಗೆ ಆದಾಯವೂ ನಿಂತಿತು. ಆ ವರ್ಷದ ಮೇ ತಿಂಗಳಿನಲ್ಲಿ ಹಲವು ದೇಶಗಳ ಸದಸ್ಯರಿಗೆ ತಿಂಗಳಿಗೆ 2.39 ಡಾಲರ್ ಇಲ್ಲವೇ ವರ್ಷಕ್ಕೆ 14.29 ಡಾಲರ್ ಕಡ್ಡಾಯವೆಂದು ಸಾರಲಾಯಿತು. ಕೊಡದವರಿಗೆ ತಮ್ಮದೇ ಖಾತೆಯ ಬಾಗಿಲು ಮುಚ್ಚಿತು. ಸದಸ್ಯರು ಸಿಟ್ಟಾದದ್ದು ಮೊತ್ತಕ್ಕಲ್ಲ. ವರ್ಷಗಟ್ಟಲೆ ಅತಿಥಿಗಳಿಗೆ ಹಾಸಿಗೆ ಹಾಸಿಕೊಟ್ಟವರನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂಬುದಕ್ಕೆ.

ಇಲ್ಲಿ ಎರಡು ಪಾಠಗಳಿವೆ. ಉಪಯೋಗವನ್ನೇ ನಂಬಿದ ಆದಾಯ ಕೆಟ್ಟ ವರ್ಷದಲ್ಲಿ ಬತ್ತಿಹೋಗುತ್ತದೆ. ಕೊಳೆಗೆ ಫಸಲು ಹೋದ ವರ್ಷ ಕೊಯ್ಲಿನ ಬುಕಿಂಗ್ ಎಲ್ಲಿಂದ ಬಂದೀತು? ಆದರೆ ಸಂಬಳ, ಯಂತ್ರದ ರಿಪೇರಿ ನಿಲ್ಲುವುದಿಲ್ಲ. ಆದುದರಿಂದ ಒಂದು ಪಾಲು ವಂತಿಗೆಯಿಂದಲೇ ಬರಬೇಕು. ಎರಡನೆಯದು, ಬಿಕ್ಕಟ್ಟು ಬಂದಾಗ ದಿಢೀರನೆ ಹೇರುವ ಶುಲ್ಕಕ್ಕಿಂತ, ನೆಮ್ಮದಿಯ ಕಾಲದಲ್ಲಿ ಕೇಳಿ ಒಪ್ಪಿಸಿದ ಶುಲ್ಕ ಲೇಸು.

6. ನಮ್ಮ ಲೆಕ್ಕ

ಈಗ ಸಂಘವೊಂದರ ಲೆಕ್ಕವನ್ನು ಊಹಿಸಿಕೊಂಡು ಹಾಕೋಣ. ಅಂಕಿಗಳು ಅಭ್ಯಾಸಕ್ಕಾಗಿ ಮಾತ್ರ. ನಿಮ್ಮ ಸಂಘದ ಅಂಕಿಗಳನ್ನು ಇಟ್ಟು ಹೀಗೆಯೇ ಹಾಕಬಹುದು.

ಸದಸ್ಯರು 400. ಬುಕಿಂಗ್ ಏರ್ಪಾಡಿನ ವರ್ಷದ ಖರ್ಚು 2,40,000 ರೂ. ವರ್ಷದಲ್ಲಿ ಬುಕಿಂಗ್‌ಗಳು 1,200. ತಂಡಗಳು ದುಡಿದ ದಿನಗಳು 2,400. ಒಂದು ಎಕರೆಯ ಸಣ್ಣ ಬೆಳೆಗಾರ ವರ್ಷಕ್ಕೆ ಎರಡು ಸಲ, ಒಂದೊಂದು ದಿನದಂತೆ ತಂಡವನ್ನು ಕರೆಸುತ್ತಾನೆ. ದೊಡ್ಡ ಬೆಳೆಗಾರ 15 ಸಲ, ಮೂರು ಮೂರು ದಿನದಂತೆ ಒಟ್ಟು 45 ದಿನ ಕರೆಸುತ್ತಾನೆ.

ಮೊದಲನೆಯ ಕ್ರಮ: ಎಲ್ಲರಿಗೂ ಸಮನಾದ ವಂತಿಗೆ. ತಲೆಗೆ 600 ರೂ. ಸಣ್ಣವನಿಗೆ ಒಂದು ಸಲದ ಉಪಯೋಗಕ್ಕೆ 300 ರೂ. ಬಿತ್ತು, ದೊಡ್ಡವನಿಗೆ 40 ರೂ. ನೋಡಲು ಸಮಾನತೆ, ಒಳಗೆ ಸಣ್ಣವನೇ ದೊಡ್ಡವನ ಖರ್ಚನ್ನು ಹೊರುತ್ತಿದ್ದಾನೆ.

ಎರಡನೆಯ ಕ್ರಮ: ಬುಕಿಂಗ್ ಒಂದಕ್ಕೆ 200 ರೂ. ಸಣ್ಣವನಿಗೆ 400, ದೊಡ್ಡವನಿಗೆ 3,000 ರೂ. ಇದು ಮೊದಲಿಗಿಂತ ನ್ಯಾಯ. ಆದರೆ ಹಮಾಲಿಯ ದೋಷ ಇಲ್ಲಿ ಕಾಣುತ್ತದೆ. ಒಂದು ದಿನದ ಕೆಲಸಕ್ಕೂ 200, ಮೂರು ದಿನದ ಕೆಲಸಕ್ಕೂ 200. ಅಂದರೆ ದಿನದ ಲೆಕ್ಕದಲ್ಲಿ ಸಣ್ಣವನಿಗೆ 200, ದೊಡ್ಡವನಿಗೆ 67 ರೂ.

ಮೂರನೆಯ ಕ್ರಮ: ಎರಡನ್ನೂ ಬೆರೆಸುವುದು. ಎಲ್ಲರಿಂದ ವರ್ಷಕ್ಕೆ 240 ರೂ. ವಂತಿಗೆ, ಅದರಿಂದ 96,000 ಬರುತ್ತದೆ. ಉಳಿದ 1,44,000 ರೂಪಾಯಿಯನ್ನು ಬುಕಿಂಗ್‌ಗಲ್ಲದೆ ಕೆಲಸದ ದಿನಕ್ಕೆ ಹಂಚಿದರೆ ದಿನಕ್ಕೆ 60 ರೂ. ಸಣ್ಣವನಿಗೆ 240 ಮತ್ತು 120, ಒಟ್ಟು 360 ರೂ. ದೊಡ್ಡವನಿಗೆ 240 ಮತ್ತು 2,700, ಒಟ್ಟು 2,940 ರೂ. ವಂತಿಗೆ ಕೆಟ್ಟ ವರ್ಷಕ್ಕೆ ಆಧಾರ, ದಿನದ ಶುಲ್ಕ ಉಪಯೋಗಕ್ಕೆ ತಕ್ಕ ಬೆಲೆ.

ಹಾಗೆಂದು ದೊಡ್ಡ ಬೆಳೆಗಾರನ ಮೇಲೆಯೇ ಹೊರೆ ಹಾಕಿದರೆ ಸಂಘಕ್ಕೆ ಒಳ್ಳೆಯದೆಂದು ಭಾವಿಸಬಾರದು. ಹೊರಗಿನ ಗುತ್ತಿಗೆದಾರ ಅಗ್ಗವೆಂದು ಕಂಡರೆ ಅವನು ಹೊರಟುಹೋಗುತ್ತಾನೆ. ಆಗ ಅವನ 45 ದಿನಗಳ ಶುಲ್ಕವನ್ನು ಉಳಿದವರು ತುಂಬಬೇಕಾಗುತ್ತದೆ. ಆಟೋ ಚಾಲಕರಿಗೆ 10 ಸವಾರಿಯ ಮಿತಿ ಇಟ್ಟಂತೆ ವರ್ಷಕ್ಕೆ ಇಷ್ಟು ದಿನ ದಾಟಿದ ಮೇಲೆ ಶುಲ್ಕವಿಲ್ಲ ಎಂಬ ಒಂದು ಮಿತಿ ಇಡಬಹುದು. ಆ ಮಿತಿಯಿಂದ ತಗ್ಗುವ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಸಭೆಗೆ ತಿಳಿಸಬೇಕು.

7. ಒಪ್ಪುವ ಮೊದಲು ಕೇಳಬೇಕಾದ ಷರತ್ತುಗಳು

(ಅ) ಶುಲ್ಕವೆಷ್ಟೆಂಬುದು ಬುಕಿಂಗ್ ಮಾಡುವ ಮೊದಲೇ ಕಾಣಬೇಕು. ಕೊನೆಯಲ್ಲಿ ಬಿಲ್ಲಿಗೆ ಸೇರಿಸಬಾರದು.

(ಆ) ಶುಲ್ಕದ ಜಮಾ ಖರ್ಚನ್ನು ಬೇರೆಯಾಗಿ ಬರೆಯಬೇಕು. ವಾರ್ಷಿಕ ವರದಿಯಲ್ಲಿ ಅದಕ್ಕೆ ಪ್ರತ್ಯೇಕ ಪುಟವಿರಬೇಕು. ಹಣ ಉಳಿದರೆ ಮುಂದಿನ ವರ್ಷ ಶುಲ್ಕ ಇಳಿಯಬೇಕು.

(ಇ) ತಂಡ ಬಾರದಿದ್ದರೆ ಠೇವಣಿಯ ಜತೆಗೆ ಶುಲ್ಕವೂ ಸದಸ್ಯನಿಗೆ ಮರಳಬೇಕು. ಸದಸ್ಯನೇ ಕೈಕೊಟ್ಟರೆ ತಂಡದ ಕೂಲಿಗೆ ಅವನ ಠೇವಣಿಯಿಂದ ಪರಿಹಾರ ಹೋಗಬೇಕು.

(ಈ) ಮಳೆ ಯಾರ ತಪ್ಪೂ ಅಲ್ಲ. ಮಳೆಯಿಂದ ಸಿಂಪಡಣೆ ನಿಂತರೆ ಹೊಸ ಶುಲ್ಕವಿಲ್ಲದೆ ಅದೇ ಸರದಿ ಮುಂದುವರಿಯಬೇಕು.

(ಉ) ಮೊಬೈಲು ಬಾರದವರು, ನೆಟ್‌ವರ್ಕ್ ಸಿಗದ ಕಣಿವೆಯವರು ಕಚೇರಿಗೆ ಬಂದು ಚೀಟಿ ಬರೆಸಿದರೂ ಅದೇ ಶುಲ್ಕ, ಅದೇ ಸರದಿ ಸಿಗಬೇಕು. ಹೆಚ್ಚು ಕೊಟ್ಟವನಿಗೆ ಮುಂದಿನ ಸರದಿ ಎಂಬ ಪದ್ಧತಿ ಸಹಕಾರ ತತ್ವಕ್ಕೆ ಸಲ್ಲದು.

(ಊ) ಶುಲ್ಕವನ್ನು ಏರಿಸುವ ಅಧಿಕಾರ ಸರ್ವಸದಸ್ಯರ ಸಭೆಗೆ ಮಾತ್ರ ಇರಬೇಕು.

ಕೊನೆಯದಾಗಿ ಒಂದು ಮಾತು. ಶುಲ್ಕವೇ ಬೇಡ ಎನ್ನುವ ಸಂಘದಲ್ಲಿ ಸೇವೆ ಎರಡು ವರ್ಷದಲ್ಲಿ ನಿಲ್ಲಬಹುದು. ಕೇಳಿದಷ್ಟು ಕೊಡುವ ಸಂಘದಲ್ಲಿ ಸೇವೆ ಉಳಿದು ಸದಸ್ಯ ಬಡವಾಗಬಹುದು. ಇವೆರಡರ ನಡುವಿನ ದಾರಿ ಲೆಕ್ಕದ ಪುಸ್ತಕದಲ್ಲಿದೆ. ಅದನ್ನು ತೆರೆಸಿ ಓದುವ ಹಕ್ಕು ಒಂದು ಎಕರೆಯವನಿಗೂ ಇಪ್ಪತ್ತು ಎಕರೆಯವನಿಗೂ ಒಂದೇ. ಆ ಹಕ್ಕಿಗೆ ಮಾತ್ರ ಯಾವ ಶುಲ್ಕವೂ ಇಲ್ಲ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ತೋಟಕ್ಕೆ ವರ್ಷದಲ್ಲಿ ಎಷ್ಟು ದಿನ ಹೊರಗಿನ ತಂಡ ಬೇಕಾಗುತ್ತದೆ? ಮೇಲಿನ ಮೂರು ಕ್ರಮಗಳಲ್ಲಿ ನಿಮಗೆ ಎಷ್ಟೆಷ್ಟು ಬೀಳುತ್ತದೆ?

2. ಸ್ವಂತ ಯಂತ್ರವಿದ್ದು ಸೇವೆಯನ್ನು ಎಂದೂ ಬಳಸದ ಸದಸ್ಯನಿಂದ ವಂತಿಗೆಯ ಪಾಲು ಪಡೆಯುವುದು ನ್ಯಾಯವೇ? ಅವನ ಯಂತ್ರ ಕೆಟ್ಟ ದಿನ ಏನಾಗುತ್ತದೆ?

3. ಕಳೆದ ಮಳೆಗಾಲದಲ್ಲಿ ಹೇಳಿಟ್ಟ ತಂಡಕ್ಕೆ ನೀವು ಕೈಕೊಟ್ಟದ್ದುಂಟೇ? ತಂಡ ನಿಮಗೆ ಕೈಕೊಟ್ಟದ್ದುಂಟೇ? ಆ ನಷ್ಟವನ್ನು ಯಾರು ಹೊತ್ತರು?

4. ಶುಲ್ಕದಿಂದ ಹಣ ಉಳಿದರೆ ಅದನ್ನು ಆಪದ್ಧನಕ್ಕೆ ಹಾಕಬೇಕೋ, ಶುಲ್ಕ ಇಳಿಸಬೇಕೋ? ಕಾರಣ ಕೊಡಿ.